ಮಾವಿನಕಾಯಿಯ ಹೊಟ್ಟೆಗೆ ಯಾವ ಹೊಲಿಗೆ?

ಬದಿಯಡ್ಕದ ನಮ್ಮ ಮನೆ ಜಗಲಿಯಲ್ಲಿ ನನ್ನ ಎಂಬ್ರಾಯ್ಡರಿ ಮಷಿನ್ ಉಂಟು. ಒಂದೇ ಸೂಜಿಯದ್ದು. ಮದುವೆ ಸೀಸನ್‌ನಲ್ಲಿ ರವಿಕೆ ಕೆಲಸವೇ ಜಾಸ್ತಿ. ಶುರುವಿನಲ್ಲಿ ನನಗೆ ಸ್ಯಾಟಿನ್ ಹೊಲಿಗೆಯ ಹುಚ್ಚು. ದಾರ ಈ ಅಂಚಿನಿಂದ ಆ ಅಂಚಿಗೆ ಒಂದೇ ನೆಗೆತ, ಹೊಳಪೋ ಹೊಳಪು.

ಒಮ್ಮೆ ಒಬ್ಬರು ಅಕ್ಕನ ರವಿಕೆ ತೋಳಿಗೆ ಮಾವಿನಕಾಯಿ ಹಾಕಿದೆ. ಅದರ ಹೊಟ್ಟೆ 11 ಮಿ.ಮೀ. ಅಗಲ. ಅದನ್ನೂ ಸ್ಯಾಟಿನ್‌ನಲ್ಲೇ ತುಂಬಿಸಿದೆ. ಮದುವೆ ಮುಗಿಸಿ ಬಂದವರು ತೋಳು ಮುಂದೆ ಹಿಡಿದರು.

“ಎಂತ ಮಾರಾಯ್ತಿ ಇದು, ಬಳೆ ತಾಗಿದಲ್ಲೆಲ್ಲ ನೂಲು ಎದ್ದು ಬಂದಿದೆ!”

ನಿಜವೇ. ಅಷ್ಟುದ್ದದ ದಾರಕ್ಕೆ ನಡುವೆ ಹಿಡಿತವೇ ಇಲ್ಲ.

ಈಗ ಮೊದಲು ಅಗಲ ನೋಡುತ್ತೇನೆ. 1 ಮಿ.ಮೀ.ಗಿಂತ ಸಪೂರ ಬಳ್ಳಿಗೆ ಬರೀ ರನ್ನಿಂಗ್, ಅಂದರೆ ಒಂದೇ ಗೆರೆಯ ಹೊಲಿಗೆ. ಅಲ್ಲಿಂದ 7ರವರೆಗೆ ಸ್ಯಾಟಿನ್. ಮೇಲೆ ಹೋದರೆ ಟಾಟಾಮಿ. ಟಾಟಾಮಿ ಅಂದರೆ ಜಪಾನಿನ ಚಾಪೆ. ನಮ್ಮ ಓಲೆ ಚಾಪೆಯ ಹಾಗೆಯೇ, ಸೂಜಿ ಇಳಿಯುವ ಜಾಗ ಸಾಲಿನಿಂದ ಸಾಲಿಗೆ ಸ್ವಲ್ಪ ಸರಿದಿರುತ್ತದೆ. ಬಳೆ ಸಿಕ್ಕಿಸಿಕೊಳ್ಳಲಿಕ್ಕೆ ಉದ್ದ ದಾರ ಇರುವುದಿಲ್ಲ.

ಬಟ್ಟೆಯದ್ದು ಬೇರೆಯೇ ಕಥೆ. ಕಾಸರಗೋಡು ಕೈಮಗ್ಗದ ಹತ್ತಿ ಸೀರೆಯ ಸೆರಗಿಗೆ ದೊಡ್ಡ ಹೂ ಕೇಳಿದ್ದರು. ಸಾಲಿನ ಅಂತರ ಯಾವಾಗಿನ ಹಾಗೆ 0.4 ಮಿ.ಮೀ. ಇಟ್ಟೆ. ಹೂ ರಟ್ಟಿನ ಹಾಗೆ ಸೆಟೆದು, ಸುತ್ತ ಬಟ್ಟೆ ಸುಕ್ಕಾಯಿತು. ಈಗ ಅಂಥ ಬಟ್ಟೆಗೆ 0.5 ಇಡುತ್ತೇನೆ. ಹೊಸಬರು ಇಲ್ಲೇ ಎಡವುವುದು: ಅಂಕಿ ದೊಡ್ಡದಾದರೆ ಹೊಲಿಗೆ ವಿರಳ. ಕೆಳಗೆ ಅಡ್ಡಕ್ಕೆ ಒಂದು ಪದರ ಅಂಡರ್‌ಲೇ ಹಾಕಿದರೆ ವಿರಳವಾದರೂ ಬಟ್ಟೆ ಇಣುಕುವುದಿಲ್ಲ.

ಅಕ್ಕನ ರವಿಕೆಗೆ ಬರುತ್ತೇನೆ. ತೋಳು ಬಿಚ್ಚಿ, ಹಿಂಬದಿಯಿಂದ ಬಾಬಿನ್ ನೂಲು (ಮಷಿನ್‌ನ ಕೆಳಗಿನ ನೂಲು) ಕತ್ತರಿಸಿ ಹಳೇ ಸ್ಯಾಟಿನ್ ತೆಗೆದೆ. ಬಟ್ಟೆ ಬಿಗಿ ಹಿಡಿಯುವ ಚೌಕಟ್ಟು ಹೂಪ್‌ನಲ್ಲಿ ಅದೇ ಜಾಗಕ್ಕೆ ಕೂರಿಸುವಾಗ ಬೆವರಿಳಿಯಿತು. ಟಾಟಾಮಿ ತುಂಬಿಸಿದ ಮೇಲೆ ಸೂಜಿತೂತುಗಳು ಮುಚ್ಚಿದವು, ಆದರೆ ಮಾವಿನಕಾಯಿ ಸಪ್ಪೆ ಕಂಡಿತು. ಹಾಗಾಗಿ ಎರಡನೇ ತೋಳಿನಲ್ಲಿ ಹೊಟ್ಟೆಯನ್ನು ಎರಡು ಪಾಲು ಮಾಡಿ, ಹೊಲಿಗೆಯ ಓರೆ ಒಂದಕ್ಕೆ 45 ಡಿಗ್ರಿ, ಇನ್ನೊಂದಕ್ಕೆ 135 ಕೊಟ್ಟೆ. ದಾರ ಒಂದೇ, ಬೆಳಕಿಗೆ ಹಿಡಿದರೆ ಎರಡು ಬಣ್ಣ! ಮೊದಲನೆಯದನ್ನೂ ಮತ್ತೆ ಬಿಚ್ಚಿದೆ, ಬೇರೆ ದಾರಿ ಇರಲಿಲ್ಲ ಅಲ್ವಾ?

ಸುತ್ತ 2 ಮಿ.ಮೀ. ಸ್ಯಾಟಿನ್ ಅಂಚು ಕೊಟ್ಟೆ. ತುಂಬಿದ ಭಾಗ ಹೊಲಿಗೆಯ ದಿಕ್ಕಿಗೆ ಒಳಗೆ ಎಳೆದುಕೊಳ್ಳುತ್ತದೆ, ಅಂಚಿನ ಹತ್ತಿರ ಸಂದು ಬೀಳುತ್ತದೆ. ಅದಕ್ಕೆ ಪುಲ್ ಕಾಂಪೆನ್ಸೇಷನ್, ಅಂದರೆ ಆ ಎಳೆತಕ್ಕೆಂದು ಹೊಲಿಗೆಯನ್ನು ಸ್ವಲ್ಪ ಹೊರಗೆ ಚಾಚುವ ಲೆಕ್ಕ, 0.3 ಮಿ.ಮೀ. ಇಟ್ಟಿದ್ದೆ. ಅಕ್ಕ ಬಂದವರು ಮಾತಾಡದೆ ಬಳೆ ತೆಗೆದು ತೋಳಿನ ಮೇಲೆ ಎರಡು ಸಲ ಉಜ್ಜಿ ನೋಡಿದರು. ಆಮೇಲೆಯೇ ಪರ್ಸ್ ತೆರೆದದ್ದು.