ಪರಸಿ ಮನೆಯಲ್ಲಿ ಡೆಸ್ಕ್‌ಟಾಪ್‌ಗೆ ವೈಫೈ: ನನ್ನ ಅನುಭವ

"ಸುಮ್ನೆ ಕೇಬಲ್ ಎಳಿ, ಮುಗೀತು" ಅಂತ ನನಗೆ ಹೇಳದವರೇ ಇಲ್ಲ. ಸ್ಟೇಷನ್ ರಸ್ತೆ ಕಡೆ ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯನಂತೂ ವೈಫೈ ನಡೆಯಲ್ಲ ಅಂತ ಪಂಥ ಕಟ್ಟಿದ್ದ. ಈಗ ಕಲಬುರಗಿಯ ಒಂದು ಪೂರ್ತಿ ಬೇಸಿಗೆ ದಾಟಿದೆ. ನಾನೇ ಜೋಡಿಸಿದ ಪಿಸಿ ವೈಫೈ ಮೇಲೆಯೇ ನಡೆಯುತ್ತಿದೆ. ಪಂಥದ ಮಿರ್ಚಿ ಭಜಿ ಮಾತ್ರ ಇನ್ನೂ ಬಂದಿಲ್ಲ.

ನಮ್ಮದು ಬ್ರಹ್ಮಪುರದ ಹಳೇ ಬಾಡಿಗೆ ಮನೆ. ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ, ನೆಲಕ್ಕೆ ಶಹಾಬಾದ್ ಪರಸಿ ಕಲ್ಲು. ಮೊಳೆ ಹೊಡೆದರೂ ಮಾಲೀಕರು ಬಂದು ಕೇಳುತ್ತಾರೆ, ಇನ್ನು ಡ್ರಿಲ್ ಎಲ್ಲಿಯ ಮಾತು? ಬಾಗಿಲಿನಿಂದ ಎಳೆದಿದ್ದ ಕೇಬಲ್ ಹೊಸ್ತಿಲ ಮೇಲೆ ಎರಡೇ ತಿಂಗಳಲ್ಲಿ ಜಜ್ಜಿ ಹೋಯಿತು. ರೂಟರ್ ಪಡಸಾಲೆಯಲ್ಲಿ, ಪಿಸಿ ಒಳಕೋಣೆಯಲ್ಲಿ.

ಮೊದಲು ತಂದದ್ದು ಮುನ್ನೂರೋ ಮುನ್ನೂರೈವತ್ತೋ ಕೊಟ್ಟ ಯುಎಸ್‌ಬಿ ಡಾಂಗಲ್, ಪಿಸಿಗೆ ಚುಚ್ಚಿದರೆ ವೈಫೈ ಹಿಡಿಯುವ ತುಂಡು. ವೈಫೈ ಓಡುವ ಬ್ಯಾಂಡ್‌ಗಳಲ್ಲಿ ಬರೀ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತಿತ್ತು. ಅದನ್ನು ಹಿಂದಿನ ನೀಲಿ ಯುಎಸ್‌ಬಿ 3.0 ಪೋರ್ಟ್‌ಗೆ ಚುಚ್ಚಿದ್ದೆ. ಪಕ್ಕದ ಪೋರ್ಟ್‌ನಲ್ಲಿ ಹಾರ್ಡ್ ಡಿಸ್ಕ್. ಫೈಲ್ ಕಾಪಿಗೆ ಹಾಕಿದರೆ ಸಾಕು, ನೆಟ್ ಸತ್ತೇ ಹೋಗುತ್ತಿತ್ತು. ಯುಎಸ್‌ಬಿ 3.0 ಗದ್ದಲ 2.4 ಬ್ಯಾಂಡ್‌ಗೆ ಬಡಿಯುತ್ತದೆ ಅಂತ ಇಂಟೆಲ್ 2012ರಲ್ಲೇ ಬರೆದಿತ್ತು. ನಾನು ಓದಿದ್ದು ದುಡ್ಡು ಹೋದ ಮೇಲೆ. ಒಂದು ಮೀಟರ್ ಎಕ್ಸ್‌ಟೆನ್ಷನ್ ಹಾಕಿ ಡಾಂಗಲ್ ದೂರ ಇಟ್ಟೆ, ಅರ್ಧ ವಾಸಿ ಆಯಿತು. ಆಮೇಲೆ 5 ಗಿಗಾಹರ್ಟ್ಸ್ ಡಾಂಗಲ್, ಸಾವಿರದ ನೂರರ ಹತ್ತಿರ. ಅದು ಹತ್ತು ನಿಮಿಷಕ್ಕೆ ಕೈ ಸುಡುವಷ್ಟು ಕಾಯುತ್ತಿತ್ತು, ಅರ್ಧ ಗಂಟೆಗೆ ಮಾಯ.

ಮೂರನೆಯದು ನನ್ನ ದಡ್ಡತನ. ಬೋರ್ಡ್‌ನ ಸ್ಲಾಟ್‌ಗೆ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಅಡಾಪ್ಟರ್ ಬೇರೆ, ಅದರೊಳಗೆ ಹಾಕುವ ಪುಟ್ಟ ಎಂ.2 ವೈಫೈ ಕಾರ್ಡ್ ಬೇರೆ ತಂದು ದುಡ್ಡು ಉಳಿಸೋಣ ಅಂದುಕೊಂಡೆ. ಇಂಟೆಲ್‌ನ ಎಎಕ್ಸ್210 ಕಾರ್ಡ್ ಬದಲು ಎಎಕ್ಸ್211 ತಂದೆ. ಒಂದು ನಂಬರ್ ಜಾಸ್ತಿ ಅಂದರೆ ಹೊಸದು, ಅಲ್ವಾ? ನನ್ನದು ಎಎಂಡಿ ಕಂಪನಿಯ ರೈಜನ್ ಪ್ರೊಸೆಸರ್‌ನ ಬೋರ್ಡ್. 211 ಇಂಟೆಲ್‌ನದೇ ಚಿಪ್‌ಸೆಟ್ ಇದ್ದರೆ ಮಾತ್ರ ಕೆಲಸ ಮಾಡುವ ಕಾರ್ಡ್. ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಹೆಸರೂ ಇಲ್ಲ. ವಾಪಸ್ ತಗೊಳ್ಳಲಿಲ್ಲ. ಸಾವಿರದ ಮುನ್ನೂರು ಚಿಲ್ಲರೆ ನೀರಿಗೆ ಬಿತ್ತು. ಅದೇ ಅಡಾಪ್ಟರ್‌ಗೆ 210 ಹಾಕಿದಾಗ ಒಂದೇ ಸಲಕ್ಕೆ ಎದ್ದಿತು. ಒಳಗಿನ ಅಂಟೆನಾ ವೈರಿನ ಕನೆಕ್ಟರ್ ಇದೆಯಲ್ಲ, ಅರ್ಧ ತೊಗರಿ ಬೇಳೆಯಷ್ಟೂ ಇಲ್ಲ. ಬೆರಳಿನಿಂದ ಒತ್ತಿದರೆ ಜಾರುತ್ತದೆ. ರಿಫಿಲ್ ತೆಗೆದ ಪೆನ್ನಿನ ತುದಿಯಿಂದ ನೇರ ಒತ್ತಿದೆ, ಟಕ್ ಅಂತ ಕೂತಿತು. ಬ್ಲೂಟೂತ್‌ಗೆ ಬೋರ್ಡ್ ಮೇಲಿನ ಯುಎಸ್‌ಬಿ ಹೆಡರ್‌ಗೂ (ಪಿನ್ನುಗಳ ಗುಂಪು) ಒಂದು ವೈರ್ ಕೊಡಬೇಕು, ಮರೆಯಬೇಡಿ.

ಆದರೂ ಸಿಗ್ನಲ್ -75 ಡಿಬಿಎಂ ಸುತ್ತಮುತ್ತವೇ (ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಗಟ್ಟಿ). ಅಂಟೆನಾಗಳು ಕ್ಯಾಬಿನೆಟ್ ಹಿಂದೆ, ಗೋಡೆಗೆ ಮುಖ ಮಾಡಿಕೊಂಡಿದ್ದರೆ ಇನ್ನೇನಾಗುತ್ತದೆ? ಕಾರ್ಡ್‌ಗೆ ಎರಡು ಸಾವಿರ ಸುರಿದು ಅಂಟೆನಾನ ತಗಡಿನ ಡಬ್ಬಿ ಹಿಂದೆ ಬಚ್ಚಿಡುವುದು ಎಲ್ಲರೂ ಮಾಡುವ ತಪ್ಪು. ಅಂಟೆನಾನ ಮೇಲಕ್ಕೆ ಒಯ್ಯಲು ಎಕ್ಸ್‌ಟೆನ್ಷನ್ ವೈರ್ ತಂದೆ. ಎರಡು ಸುತ್ತು ತಿರುಗಿ ನಿಂತಿತು. ಟಾರ್ಚ್ ಹಾಕಿ ನೋಡಿದರೆ ಕಾರ್ಡ್‌ನಲ್ಲೂ ನಡುವೆ ಸೂಜಿ, ವೈರ್‌ನಲ್ಲೂ ಸೂಜಿ! ಬೇಕಾಗಿದ್ದದ್ದು ನಡುವೆ ತೂತಿರುವ ಆರ್‌ಪಿ-ಎಸ್ಎಂಎ ಕನೆಕ್ಟರ್, ಬಂದದ್ದು ಬರೀ ಎಸ್ಎಂಎ. ಮತ್ತೆ ಇನ್ನೂರು ಹೋಯಿತು.

ನಡುವೆ ಒಂದು ಹುಚ್ಚಾಟ. ರೊಟ್ಟಿ ಹಿಟ್ಟು ನಾದುವ ಸ್ಟೀಲ್ ಪರಾತ ತಂದು ರೂಟರ್ ಹಿಂದೆ ನಿಲ್ಲಿಸಿದೆ. ನನ್ನ ಕಡೆ ಮೂರ್ನಾಲ್ಕು ಡೆಸಿಬಲ್ ಏರಿತು, ನಿಜ. ಅಡುಗೆಮನೆಯಲ್ಲಿ ಅಮ್ಮನ ಫೋನ್ ಸತ್ತಿತು. ಸಂಜೆ ಜೋಳದ ಹಿಟ್ಟಿಗೆ ಪರಾತ ವಾಪಸ್ ಹೋಯಿತು.

ಕೊನೆಗೆ ಗೋಡೆ ದಾಟಿಸುವ ಹಠ ಬಿಟ್ಟೆ. ಸಿಗ್ನಲ್ ಬಾಗಿಲಿನಿಂದಲೇ ಬರಲಿ. ಮ್ಯಾಗ್ನೆಟ್ ತಳದ ಅಂಟೆನಾ, ಮೀಟರ್ ಉದ್ದದ ವೈರ್, ಆರುನೂರರ ಆಸುಪಾಸು. ಕಬ್ಬಿಣದ ಅಲಮಾರಿಯ ನೆತ್ತಿಗೆ ಅಂಟಿಸಿದೆ. ಅಲ್ಲಿಂದ ಬಾಗಿಲ ಮೂಲಕ ರೂಟರ್ ಕಣ್ಣಿಗೆ ಕಾಣುತ್ತದೆ. ರೂಟರ್‌ನ 5 ಗಿಗಾಹರ್ಟ್ಸ್ ಚಾನೆಲ್ 36ಕ್ಕೆ ಕಟ್ಟಿ, ಚಾನೆಲ್‌ನ ಅಗಲ 80 ಮೆಗಾಹರ್ಟ್ಸ್‌ನಿಂದ 40ಕ್ಕೆ ಇಳಿಸಿದೆ. ಸಿಗ್ನಲ್ -58. ನೂರು ಎಂಬಿಪಿಎಸ್ ಪ್ಲಾನ್‌ನಲ್ಲಿ ತೊಂಬತ್ತೆರಡು, ತೊಂಬತ್ಮೂರು ಸಿಗುತ್ತಿತ್ತು. ಎರಡು ಅಂಟೆನಾಗಳ ನಡುವೆ ಎಷ್ಟು ಗೇಣು, ಯಾವುದನ್ನು ಯಾವ ಕಡೆ ವಾಲಿಸಿದ್ದೇನೆ ಅಂತ ಮಾತ್ರ ಹೇಳಲ್ಲ. ಮೂರು ಭಾನುವಾರ ತಿಂದ ಕೆಲಸ ಅದು.

ಗೆದ್ದೆ ಅಂದುಕೊಂಡೆ. ಮಾರ್ಚ್ ಕೊನೆಗೆ ಮತ್ತೆ ಶುರು. ಬೆಳಿಗ್ಗೆ ಚೆನ್ನಾಗಿರುತ್ತದೆ, ಮಧ್ಯಾಹ್ನ ಹನ್ನೆರಡಾದರೆ ಹೋಗುತ್ತದೆ. ಹೊರಗೆ 42 ಡಿಗ್ರಿ. ರೂಟರ್ ಕಾದಿರಬೇಕು ಅಂತ ಅದಕ್ಕೊಂದು ಪುಟ್ಟ ಫ್ಯಾನ್ ಕಟ್ಟಿದೆ. ಗೆಳೆಯ "ಬಿಸಿಲಿಗೆ ಸಿಗ್ನಲ್ ಕರಗ್ತದೇನೋ" ಅಂತ ನಕ್ಕ. ಒಂದು ವಾರ ಹೀಗೇ ಹೋಯಿತು. ಒಂದು ಮಧ್ಯಾಹ್ನ ಅಮ್ಮ ನೀರು ತುಂಬಿಸಲು ಕೂಲರ್‌ನ ಪಕ್ಕಕ್ಕೆ ಎಳೆದರು. ನನ್ನ ಸ್ಕ್ರೀನ್ ಮೇಲೆ -76 ಇದ್ದದ್ದು -59ಕ್ಕೆ ಜಿಗಿಯಿತು. ವಾಪಸ್ ತಳ್ಳಿದರು, ಬಿತ್ತು. ಇನ್ನೊಮ್ಮೆ ಎಳೀರಿ ಅಂದೆ, ಎದ್ದಿತು. ತಗಡಿನ ಮೈ, ಹೊಟ್ಟೆಯಲ್ಲಿ ನಲವತ್ತು ಲೀಟರ್ ನೀರು, ನಿಂತಿದ್ದದ್ದು ಸರಿಯಾಗಿ ಬಾಗಿಲ ಎದುರು.

"ನಿನ್ನ ವೈಫೈಗೋಸ್ಕರ ನಾವು ಬೇಯಬೇಕಾ" ಅಂತ ಜಗಳವಾಯಿತು. ಒಂದು ಮೊಳ ಎಡಕ್ಕೆ ಸರಿಸಲು ಒಪ್ಪಿಗೆ ಸಿಕ್ಕಿತು. ಎಲ್ಲಾ ಸೇರಿ ಆರು ಸಾವಿರ ಮುಟ್ಟಿರಬಹುದು, ಹೆಂಡತಿಗೆ ನಾಲ್ಕು ಅಂತ ಹೇಳಿದ್ದೇನೆ. ಪರಸಿ ಮೇಲೆ ಸೀಮೆಸುಣ್ಣದ ಗೆರೆ ಇದೆ, ಕೂಲರ್ ಅದನ್ನು ದಾಟುವಂತಿಲ್ಲ. ಅಮ್ಮ ನೆಲ ಒರೆಸಿದ ದಿನ ಮತ್ತೆ ಎಳೆಯುತ್ತೇನೆ.