ಊರು ಬಿಡದೆ ರಜೆ: ದೊಡ್ಡ ಮಕ್ಕಳ ಜೊತೆ ಐದು ದಿನ

ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದರೆ ಸಾಕು, ಎಲ್ಲರ ಮನೆಯಲ್ಲೂ ಅದೇ ಪ್ರಶ್ನೆ. ಎಲ್ಲಿಗೆ ಹೋಗೋಣ? ಊಟಿಯಲ್ಲೋ ಮಡಿಕೇರಿಯಲ್ಲೋ ಎರಡು ರಾತ್ರಿ ಉಳಿದರೆ ರೂಮು, ಟ್ಯಾಕ್ಸಿ, ಊಟ ಸೇರಿ ತಿಂಗಳ ದಿನಸಿಗಿಂತ ಜಾಸ್ತಿ ಖರ್ಚು. ಸುಮ್ನೆ ಮನೆಯಲ್ಲಿದ್ದರೆ ಹನ್ನೆರಡು, ಹದಿಮೂರರ ಮಕ್ಕಳು ಹತ್ತು ಗಂಟೆಗೆ ಎದ್ದು, ಮೊಬೈಲ್ ಹಿಡಿದು ಮತ್ತೆ ಮಲಗುತ್ತಾರೆ. ಇನ್ನೊಂದು ದಾರಿಯೂ ಇದೆ. ರಾತ್ರಿಗೆ ಸ್ವಂತ ಹಾಸಿಗೆ, ಹಗಲಿಗೆ ಸ್ವಂತ ಊರು. ನಾನು ಮೈಸೂರನ್ನು ಇಟ್ಟುಕೊಂಡು ಹೇಳುತ್ತೇನೆ. ನಿಮ್ಮದು ಚಿತ್ರದುರ್ಗವಾದರೆ ಬೆಟ್ಟದ ಜಾಗದಲ್ಲಿ ಕೋಟೆ ಇಟ್ಟುಕೊಳ್ಳಿ, ಲೆಕ್ಕಾಚಾರ ಅದೇ.

ಮೊದಲು ಪೆನ್ನು ಅವರ ಕೈಗೆ ಕೊಡಿ

ಐದು ವರ್ಷದ ಮಗುವನ್ನು ಎಲ್ಲಿಗೆ ಕರೆದರೂ ಬರುತ್ತದೆ. ಹದಿಮೂರರವರು ಹಾಗಲ್ಲ. ‘ನಾಳೆ ಬೆಟ್ಟ ಹತ್ತೋಣ’ ಎಂದು ಅಪ್ಪ ಹೇಳಿದರೆ ಅದು ಇನ್ನೊಂದು ಹೋಂವರ್ಕ್. ಅದೇ ಬೆಟ್ಟವನ್ನು ಅವರೇ ಪಟ್ಟಿಯಲ್ಲಿ ಬರೆದಿದ್ದರೆ ಅಲಾರಂ ಕೂಡ ಅವರೇ ಇಡುತ್ತಾರೆ. ಹಾಗಾಗಿ ರಜೆಗೆ ಒಂದು ವಾರ ಮುಂಚೆಯೇ ಕೂತು ಮಾತಾಡಿ. ಐದು ದಿನಗಳಲ್ಲಿ ಎರಡು ದಿನ ಮಾತ್ರ ದೊಡ್ಡ ಓಡಾಟ, ಎರಡು ದಿನ ಅರ್ಧ ಹೊತ್ತು, ಒಂದು ದಿನ ಖಾಲಿ. ಇಷ್ಟು ನಿಮ್ಮ ಷರತ್ತು. ಎಲ್ಲಿಗೆ, ಯಾವ ಬಸ್ಸು, ಎಷ್ಟು ಗಂಟೆಗೆ ಎಂಬುದೆಲ್ಲ ಅವರ ಕೆಲಸ. ಒಂದು ಎಚ್ಚರಿಕೆ ಮಾತ್ರ ಹೇಳಿಡಿ: ಮೃಗಾಲಯಕ್ಕೂ ಕಾರಂಜಿ ಕೆರೆಗೂ ಮಂಗಳವಾರ ರಜೆ. ಉಳಿದ ಜಾಗಗಳ ರಜೆ ದಿನ ಅವರೇ ವಿಚಾರಿಸಲಿ.

ದುಡ್ಡಿನ ಲಕೋಟೆ

ಇಬ್ಬರಿಗೆ ಎರಡು ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ಅದನ್ನು ಚಿಲ್ಲರೆ ಮಾಡಿಸಿ ಲಕೋಟೆಯಲ್ಲಿ ಹಾಕಿ ಮಕ್ಕಳ ಕೈಗೇ ಕೊಡಿ. ಯುಪಿಐ ಬೇಡ. ಫೋನಿನಲ್ಲಿ ಹೋದ ದುಡ್ಡು ಕಣ್ಣಿಗೆ ಕಾಣುವುದಿಲ್ಲ, ಲಕೋಟೆ ತೆಳ್ಳಗಾಗುವುದು ಕಾಣುತ್ತದೆ. ಉಳಿದದ್ದು ನಿನ್ನದೇ ಎಂದು ಮೊದಲೇ ಹೇಳಿಬಿಡಿ. ಆಮೇಲೆ ನೋಡಿ, ಆಟೋ ಯಾಕೆ, ನಡೆದೇ ಹೋಗೋಣ ಅನ್ನುವವರು ಅವರೇ.

ಪ್ರಯಾಣದ ಖರ್ಚು ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಟಿಕೆಟ್ಟಿಗೆ ದುಡ್ಡಿಲ್ಲ. ಅಮ್ಮ, ಮಗಳು ಹೊರಟರೆ ಆಧಾರ್ ಕಾರ್ಡ್ ಇಟ್ಟುಕೊಂಡರಾಯಿತು. ರಾಜಹಂಸ, ಎ.ಸಿ. ಬಸ್ಸುಗಳಿಗೆ ಇದು ಇಲ್ಲ. ಅಪ್ಪ, ಮಗ ಹೊರಟರೆ ಪ್ಯಾಸೆಂಜರ್ ರೈಲು ಹಿಡಿಯಿರಿ, ಜೇಬಿಗೆ ಅದೇ ಹಗುರ.

ಸೈಕಲ್: ಓಡಿಸುವ ಮುಂಚೆ ಬಿಚ್ಚಿ

ಮೊದಲ ಅರ್ಧ ದಿನವನ್ನು ಮನೆಯಂಗಳದಲ್ಲೇ ಕಳೆಯಿರಿ. ಹೆಚ್ಚಿನ ಮನೆಗಳಲ್ಲಿ ಒಂದು ಸೈಕಲ್ ಮೆಟ್ಟಿಲ ಕೆಳಗೆ ಗಾಳಿ ಇಲ್ಲದೆ ನಿಂತಿರುತ್ತದೆ, ಅಲ್ವಾ? ಅದನ್ನು ಅಂಗಡಿಗೆ ತಳ್ಳಿಕೊಂಡು ಹೋಗಬೇಡಿ. ಪಂಕ್ಚರ್ ಕಿಟ್ ತನ್ನಿ. ಪ್ಯಾಚು, ಸೊಲ್ಯೂಷನ್, ಉಜ್ಜಲು ಸ್ಯಾಂಡ್ ಪೇಪರ್, ಟೈರ್ ಎಬ್ಬಿಸಲು ಎರಡು ಲಿವರ್, ಇಷ್ಟಿದ್ದರೆ ಸಾಕು.

ಗಾಳಿ ಪೂರ್ತಿ ಬಿಟ್ಟು, ಲಿವರ್ ಹಾಕಿ ಟೈರಿನ ಒಂದು ಬದಿ ಮಾತ್ರ ರಿಮ್ಮಿನಿಂದ ಹೊರಗೆ ತೆಗೆಯಬೇಕು. ಟ್ಯೂಬ್ ಎಳೆದು, ಸ್ವಲ್ಪ ಗಾಳಿ ತುಂಬಿ, ಬಕೆಟ್ ನೀರಿನಲ್ಲಿ ಮುಳುಗಿಸುತ್ತಾ ಬಂದರೆ ಗುಳ್ಳೆ ಎದ್ದ ಕಡೆ ತೂತು. ಅಲ್ಲಿ ಪೆನ್ನಿನಿಂದ ಗುರುತು ಹಾಕಿ, ಒರೆಸಿ ಒಣಗಿಸಿ, ಮೇಲ್ಮೈ ಒರಟಾಗುವಂತೆ ಉಜ್ಜಬೇಕು. ಸೊಲ್ಯೂಷನ್ ಹಚ್ಚಿದ ತಕ್ಷಣ ಪ್ಯಾಚು ಅಂಟಿಸಲು ಎಲ್ಲರಿಗೂ ಆತುರ. ಅದೇ ತಪ್ಪು. ಹಚ್ಚಿದ್ದು ಹಸಿ ಆರಿ, ಬೆರಳಿಗೆ ಬರೀ ಅಂಟು ಅನ್ನಿಸುವಷ್ಟಾದ ಮೇಲೆ ಪ್ಯಾಚು ಇಟ್ಟು ಗಟ್ಟಿಯಾಗಿ ಒತ್ತಬೇಕು. ಟ್ಯೂಬ್ ಒಳಗೆ ಹಾಕುವ ಮುನ್ನ ಟೈರಿನ ಒಳಭಾಗದಲ್ಲಿ ಬೆರಳಾಡಿಸಿ ನೋಡಿ. ಮುಳ್ಳು ಅಲ್ಲೇ ಕೂತಿದ್ದರೆ ಎಲ್ಲ ಕೆಲಸ ದಂಡ. ಬೆರಳನ್ನು ಮೆಲ್ಲಗೆ ಆಡಿಸಲು ಹೇಳಿ, ಗಾಜಿನ ಚೂರೂ ಇರಬಹುದು.

ಕಳೆದ ವರ್ಷದಿಂದ ಮಕ್ಕಳು ಉದ್ದ ಬೆಳೆದಿರುತ್ತಾರೆ, ಸೀಟು ಮಾತ್ರ ಹಾಗೇ ಇರುತ್ತದೆ. ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗುವಷ್ಟು ಎತ್ತರಿಸಿ. ಸೈಕಲ್ ತುಳಿದರೆ ಮೊಣಕಾಲು ನೋವು ಎನ್ನುವವರ ಸೀಟು ಬಹಳ ಸಲ ತಗ್ಗಿನಲ್ಲಿರುತ್ತದೆ. ಬ್ರೇಕ್ ರಬ್ಬರ್ ಸವೆದಿದ್ದರೆ ಬದಲಿಸಿ, ಹೆಲ್ಮೆಟ್ ಹಾಕಿಸಿ. ಮಾರನೇ ದಿನ ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆ ಕಡೆ ಹೊರಡಿ. ಸೈಕಲ್ ಹೊರಗೆ ನಿಲ್ಲಿಸಿ, ಕೆರೆ ಸುತ್ತ ಒಂದು ಸುತ್ತು ನಡೆಯಿರಿ. ಹೆಜ್ಜಾರ್ಲೆಗಳು ತೇಲುತ್ತಿದ್ದರೆ ಒಂದು ಸುತ್ತಿಗೆ ಎಷ್ಟು ಹೊತ್ತಾದರೂ ಆಗಬಹುದು.

ಬೆಟ್ಟ: ಹತ್ತುವುದು ಕಾಲಲ್ಲಿ, ಇಳಿಯುವುದು ಬಸ್ಸಲ್ಲಿ

ಚಾಮುಂಡಿ ಬೆಟ್ಟದ ಮೆಟ್ಟಿಲು ಸುಮಾರು ಒಂದು ಸಾವಿರ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ್ದು. ಎಣಿಸುವ ಜವಾಬ್ದಾರಿ ಮಕ್ಕಳಿಗೆ ಕೊಡಿ. ನಿಮ್ಮ ಲೆಕ್ಕವೂ ಅವರ ಲೆಕ್ಕವೂ ಸೇರುವುದೇ ಇಲ್ಲ, ಅದೇ ಮಜಾ. ಬೇಸಿಗೆಯಲ್ಲಿ ಎಂಟು ಗಂಟೆಯ ಮೇಲೆ ಕಲ್ಲು ಕಾಯತೊಡಗುತ್ತದೆ. ಹಾಗಾಗಿ ಬೆಳಕು ಹರಿಯುವಾಗಲೇ ಪಾದದಲ್ಲಿರಬೇಕು. ಶುರುವಿನ ಮೆಟ್ಟಿಲುಗಳೇ ಕಡಿದು. ಅಲ್ಲಿ ಮಕ್ಕಳು ಓಡುತ್ತಾರೆ, ಇನ್ನೂರು ದಾಟುವಷ್ಟರಲ್ಲಿ ಕೂತುಬಿಡುತ್ತಾರೆ. ಏನೂ ಹೇಳಬೇಡಿ, ನೀರು ಕೊಡಿ. ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಬಗ್ಗಿ ಹತ್ತುವ ಹರಕೆಯವರು ಅವರ ಪಕ್ಕದಲ್ಲೇ ಮೇಲೆ ಹೋಗುತ್ತಿರುತ್ತಾರೆ. ಅದನ್ನು ನೋಡಿದ ಮೇಲೆ ಯಾರೂ ಹೆಚ್ಚು ಹೊತ್ತು ಕೂರುವುದಿಲ್ಲ.

ಒಂದೇ ಕಲ್ಲಿನ ದೊಡ್ಡ ನಂದಿ ಸಿಕ್ಕಿತೆಂದರೆ ಮುಕ್ಕಾಲು ಪಾಲು ಹತ್ತಿದ ಹಾಗೆ. ಕೋತಿಗಳ ಕಾಟ ಇದೆ, ತಿಂಡಿಯ ಕವರನ್ನು ಕೈಯಲ್ಲಿ ಹಿಡಿಯದೆ ಬ್ಯಾಗಿನೊಳಗೆ ಹಾಕಿ. ವಾಪಸ್ 201 ನಂಬರಿನ ಸಿಟಿ ಬಸ್ಸಿನಲ್ಲಿ ಬನ್ನಿ. ಮೊದಲ ದೊಡ್ಡ ದಿನವೇ ಮೆಟ್ಟಿಲು ಇಳಿದೂ ಬಂದರೆ ಮರುದಿನ ತೊಡೆ ಹಿಡಿದು, ಉಳಿದ ರಜೆಯೆಲ್ಲ ಸೋಫಾದ ಪಾಲು. ಮಕ್ಕಳದ್ದಲ್ಲ, ನಿಮ್ಮದು.

ಶ್ರೀರಂಗಪಟ್ಟಣ: ನಡೆದು ನೋಡುವ ಚರಿತ್ರೆ

ಇದು ಎರಡನೇ ದೊಡ್ಡ ದಿನ. ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. ಬುತ್ತಿಗೆ ಚಿತ್ರಾನ್ನ, ಮೊಸರನ್ನ. ಸ್ಟೇಷನ್ ಹತ್ತಿರವೇ ಟಿಪ್ಪುವಿನ ಮದ್ದಿನ ಮನೆ ಇದೆ. ಜೋಡಿ ಹಳಿ ಹಾಕಲು ಅಡ್ಡ ಬಂತೆಂದು 2017ರಲ್ಲಿ ಆ ಇಡೀ ಕಟ್ಟಡವನ್ನು ಒಡೆಯದೆ, ಬುಡಸಮೇತ ಎತ್ತಿ ನೂರು ಮೀಟರಿಗೂ ಆಚೆ ಸರಿಸಿದರು. ಪಾಠದ ಚರಿತ್ರೆಗೆ ಮುಖ ತಿರುಗಿಸುವ ಮಕ್ಕಳೂ ಇಲ್ಲಿ ‘ಹೇಗೆ?’ ಎಂದು ಕೇಳುತ್ತಾರೆ.

ಅಲ್ಲಿಂದ ರಂಗನಾಥ ದೇವಸ್ಥಾನ, ಆಮೇಲೆ ಬೈಲಿ ಬಂದೀಖಾನೆ. ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಕೊನೆಗಿರಲಿ. 1780ರ ಪೊಲ್ಲಿಲೂರು ಯುದ್ಧದಲ್ಲಿ ಬ್ರಿಟಿಷರ ಕಡೆಯ ಕರ್ನಲ್ ಬೈಲಿ, ಹೈದರ್ ಮತ್ತು ಟಿಪ್ಪುವಿನ ಸೇನೆಗೆ ಸೋತು ಸೆರೆಯಾದ. ದರಿಯಾ ದೌಲತ್ ಗೋಡೆಯ ಮೇಲಿನ ಯುದ್ಧದ ಚಿತ್ರದಲ್ಲಿ ಅವನು ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಳ್ಳುತ್ತಿದ್ದಾನೆ. ಅಷ್ಟೊಂದು ಕುದುರೆ, ಸಿಪಾಯಿಗಳ ನಡುವೆ ಬೈಲಿಯನ್ನು ಯಾರು ಮೊದಲು ಹುಡುಕುತ್ತಾರೋ ಅವರಿಗೆ ಒಂದು ಕಬ್ಬಿನ ಹಾಲು. ಕಾಲಿಗೆ ಶಕ್ತಿ ಉಳಿದಿದ್ದರೆ ಟಿಪ್ಪುವಿನ ಸಮಾಧಿ ಇರುವ ಗುಂಬಜ್‌ವರೆಗೂ ಹೋಗಿ. ಇಲ್ಲವಾದರೆ ಇಷ್ಟೇ ಸಾಕು.

ಒಂದು ವಿಷಯದಲ್ಲಿ ಮಾತ್ರ ಮಕ್ಕಳ ಮಾತು ಕೇಳಬೇಡಿ. ಸಂಗಮದಲ್ಲಾಗಲಿ ಬೇರೆಲ್ಲೇ ಆಗಲಿ ಕಾವೇರಿಗೆ ಇಳಿಯುವುದು ಬೇಡ. ಮೇಲೆ ಶಾಂತವಾಗಿ ಕಂಡರೂ ಕೆಳಗೆ ಸುಳಿ ಇರುತ್ತದೆ, ಕಲ್ಲು ಜಾರುತ್ತದೆ. ಇದೇ ಹೊಳೆಯ ರಂಗನತಿಟ್ಟಿನಲ್ಲಿ ಮೊಸಳೆಗಳಿವೆ. ಈಜುವ ಆಸೆ ಇದ್ದರೆ ಊರಿನ ಈಜುಕೊಳಕ್ಕೆ ಬೇಸಿಗೆ ಶಿಬಿರದ ಹೊತ್ತಿನಲ್ಲಿ ಸೇರಿಸಿ.

ಖಾಲಿ ದಿನ, ಅಡುಗೆ ಮನೆ

ಮನೆಯಲ್ಲಿದ್ದು ರಜೆ ಮಾಡುವಾಗ ಕೆಡುವುದು ಒಂದೇ ಕಡೆ. ಓಡಾಡಿ ಬಂದ ಮೇಲೂ ಪಾತ್ರೆ, ಬಟ್ಟೆ, ಸಾರು ಎಲ್ಲ ಅಮ್ಮನ ತಲೆಗೇ ಬರುತ್ತದೆ. ಅದು ರಜೆಯಲ್ಲ. ದೊಡ್ಡ ಓಡಾಟದ ಎರಡು ರಾತ್ರಿ ಮನೆಯಲ್ಲಿ ಒಲೆ ಹಚ್ಚುವುದು ಬೇಡ. ಲಕೋಟೆಯಲ್ಲಿ ಮಸಾಲೆ ದೋಸೆಯ ದುಡ್ಡು ತೆಗೆದಿಡಿ. ಉಳಿದ ದಿನ ಒಂದು ಹೊತ್ತಿನ ಅಡುಗೆ ಮಕ್ಕಳದ್ದು, ಉಪ್ಪಿಟ್ಟಾದರೂ ಸರಿ, ಗಂಟಾದರೂ ಸರಿ.

ಖಾಲಿ ದಿನ ನಿಜಕ್ಕೂ ಖಾಲಿಯಾಗಿರಲಿ. ಅವತ್ತು ಅವರು ಫೋನ್ ನೋಡುತ್ತಾ ಮಧ್ಯಾಹ್ನದವರೆಗೆ ಮಲಗಿದರೆ ಸುಮ್ಮನಿದ್ದುಬಿಡಿ. ಆ ದಿನ ಭಾನುವಾರ ಬರುವಂತೆ ನೋಡಿಕೊಂಡರೆ ಸಂಜೆ ಏಳಕ್ಕೆ ಅರಮನೆಗೆ ದೀಪ ಹಾಕುವುದನ್ನು ದುಡ್ಡು ಕೊಡದೆ ನೋಡಿ ಬರಬಹುದು. ಬೇಸಿಗೆ ಸಂಜೆ ಮಳೆ ಹುಯ್ಯುವುದು ಜಾಸ್ತಿ, ಛತ್ರಿ ಮರೆಯಬೇಡಿ.