ಫಿಲಿಪ್ಪೀನ್ಸಿಗೆ ಮಿಷನರಿಯಾಗಿ ಹೊರಟವರಿಗೆ

ಲ್ಯಾಟರ್-ಡೇ ಸೇಂಟ್ಸ್ ಎಂಬ ಕ್ರೈಸ್ತ ಸಭೆಯಿಂದ (ಮಾರ್ಮನ್ನರ ಸಭೆ) ಮಿಷನರಿ ಸೇವೆಯ ಕರೆ ಬಂದು ಫಿಲಿಪ್ಪೀನ್ಸಿಗೆ ಹೊರಟಿದ್ದೀರಿ ಎಂದುಕೊಳ್ಳೋಣ. ಯುವಕರಿಗೆ 24 ತಿಂಗಳ ಸೇವೆ, ಯುವತಿಯರಿಗೆ 18 ತಿಂಗಳು. ಬೋಧನೆಯ ವಿಷಯವನ್ನು ತರಬೇತಿ ಕೇಂದ್ರದಲ್ಲಿ ಕಲಿಸುತ್ತಾರೆ. ಅಲ್ಲಿನ ದಿನನಿತ್ಯದ ಬದುಕಿಗೆ ಮಾತ್ರ ನೀವೇ ಸಿದ್ಧರಾಗಬೇಕು.

ಮೊದಲು ಪಾಸ್‌ಪೋರ್ಟ್ ತೆಗೆದು ನೋಡಿ. ನಮ್ಮಲ್ಲಿ ಎಷ್ಟೋ ಜನರಿಗೆ ಇನಿಷಿಯಲ್ ಬಿಟ್ಟರೆ ಸರ್‌ನೇಮ್ ಇರುವುದಿಲ್ಲ. ಮಿಷನರಿ ಯುವಕನಾದರೆ ‘ಎಲ್ಡರ್’, ಯುವತಿಯಾದರೆ ‘ಸಿಸ್ಟರ್’ ಎಂದು ಎಲ್ಲರೂ ಸರ್‌ನೇಮ್ ಸೇರಿಸಿಯೇ ಕರೆಯುತ್ತಾರೆ, ಎದೆಯ ಮೇಲಿನ ಕಪ್ಪು ಬ್ಯಾಡ್ಜಿನಲ್ಲೂ ಅದೇ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಆ ಕಾಲಂ ಖಾಲಿಯಿದ್ದರೆ ವೀಸಾ ಅರ್ಜಿಗೆ ಮೊದಲೇ ಸರಿಪಡಿಸಿಕೊಳ್ಳಿ. ವೀಸಾದಲ್ಲೊಂದು, ಟಿಕೆಟ್ಟಿನಲ್ಲೊಂದು ಹೆಸರಿದ್ದರೆ ವಿಮಾನ ನಿಲ್ದಾಣದ ಕೌಂಟರಿನಲ್ಲೇ ತಡೆಯುತ್ತಾರೆ.

ಇನ್ನು ಭಾಷೆ. ಅಲ್ಲಿ ಇಂಗ್ಲಿಷ್ ಬಲ್ಲವರು ಬಹಳ, ಎಡವಟ್ಟಾಗುವುದು ಅದರಿಂದಲೇ. ಇಂಗ್ಲಿಷಿನಲ್ಲೇ ದಿನ ದೂಡಿದವರನ್ನು ಜನ ಮರ್ಯಾದೆಯಿಂದ ಕಾಣುತ್ತಾರೆ, ಮನಸ್ಸು ಮಾತ್ರ ಬಿಚ್ಚುವುದಿಲ್ಲ. ಟಗಾಲೋಗ್ ಭಾಷೆ ಆಡುವ ಪ್ರದೇಶಕ್ಕೆ ಹೋಗುವವರು ಮೊದಲು ಕಲಿಯಬೇಕಾದ ಪದ ‘ಪೊ’. ನಮ್ಮ ‘ರೀ’ ಹಾಗೆ ಮಾತಿಗೆ ಗೌರವ ತರುವ ಪದ ಅದು. ದೊಡ್ಡವರಿಗೆ ‘ಹೌದು’ ಎನ್ನುವಾಗ ‘ಓಪೊ’ ಎನ್ನಬೇಕು. ಅಣ್ಣನಿಗೆ ‘ಕುಯಾ’, ಅಕ್ಕನಿಗೆ ‘ಆತೆ’. ಪರಿಚಯವಿಲ್ಲದವರನ್ನೂ ಹೀಗೇ ಕರೆಯುವ ರೂಢಿ ನಮಗೆ ಹೊಸದೇನಲ್ಲ. ‘ಈಗ’ ಎನ್ನಲು ‘ಙಾಯೋನ್’ ಎನ್ನಬೇಕು. ಕ ಖ ಗ ಘ ಆದ ಮೇಲೆ ಬಾಯಿಪಾಠ ಮಾಡಿ ಬಿಟ್ಟಿದ್ದ ಆ ‘ಙ’ ಇಲ್ಲಿ ಪದದ ಮೊದಲಲ್ಲೇ ಬರುತ್ತದೆ, ‘ನ’ ಎಂದು ಜಾರಿಸಬೇಡಿ. ಬೆಳಗಿನ ಅಧ್ಯಯನದಲ್ಲಿ ಐದು ವಾಕ್ಯ ಬರೆದುಕೊಂಡು, ಅವನ್ನು ಅಂದೇ ಹತ್ತು ಜನರ ಹತ್ತಿರ ಆಡಿಬಿಡಿ.

ಮನೆ ಮುಂದೆ ನಿಂತಾಗ ಗೇಟು ತಳ್ಳಬೇಡಿ, ಬಡಿಯಲೂ ಬೇಡಿ. ಹೊರಗೆ ನಿಂತು ‘ತಾವೊ ಪೊ!’ ಎಂದು ಕೂಗಿ. ‘ತಾವೊ’ ಎಂದರೆ ಮನುಷ್ಯ, ‘ಯಾರಿದ್ದೀರಿ ಮನೇಲಿ?’ ಎಂದು ನಾವು ಕೂಗುವ ಹಾಗೇ ಇದು. ಸ್ವಲ್ಪ ಕಾದು ಇನ್ನೊಮ್ಮೆ ಕೂಗಿ. ಮೂರನೆಯ ಸಲಕ್ಕೂ ಉತ್ತರ ಬಾರದಿದ್ದರೆ ಮುಂದಿನ ಮನೆಗೆ ನಡೆಯಿರಿ. ಒಳಗೆ ಕರೆದರೆ ಶೂ ಬಾಗಿಲಲ್ಲೇ ಬಿಡಬೇಕು. ದಿನಕ್ಕೆ ಹತ್ತಾರು ಸಲ ಲೇಸ್ ಬಿಚ್ಚಿ ಕಟ್ಟುವುದಕ್ಕಿಂತ ಲೇಸಿಲ್ಲದ ಶೂ ಲೇಸು. ಕಾಲುಚೀಲ ತೂತಿರಬಾರದು. ಮನೆಯಲ್ಲಿ ಒಬ್ಬ ಹೆಂಗಸು ಮಾತ್ರ ಇದ್ದರೆ ಎಲ್ಡರ್‌ಗಳು ಒಳಗೆ ಹೋಗುವಂತಿಲ್ಲ, ಬೇರೆ ಹೊತ್ತು ಗೊತ್ತುಮಾಡಿಕೊಂಡು ಬನ್ನಿ.

ಕೂತ ತಕ್ಷಣ ಕಾಫಿ ಬರುತ್ತದೆ. ಸಭೆಯ ನಿಯಮದಂತೆ ಕಾಫಿ, ಟೀ ಎರಡೂ ಇಲ್ಲ. ಬರೀ ‘ಬೇಡ’ ಎಂದರೆ ಮನೆಯವರಿಗೆ ನೋವಾಗುತ್ತದೆ, ಆದ್ದರಿಂದ ನೀರು ಕೇಳಿ. ಇಲ್ಲವೇ ‘ಸಲಬಾತ್’ ಕೇಳಿ, ಅದು ಶುಂಠಿ ಕಷಾಯ, ಕುಡಿಯಬಹುದು. ಮೂರು ಹೊತ್ತೂ ಅನ್ನವಿರುವುದು ನಮ್ಮವರಿಗೆ ಸಮಾಧಾನ. ಸಸ್ಯಾಹಾರಿಗಳು ಮಾತ್ರ ಕೇಳಿಯೇ ತಿನ್ನಬೇಕು: ತರಕಾರಿ ಪಲ್ಯದಂತೆ ಕಾಣುವ ‘ಪಿನಕ್ಬೆತ್’ಗೂ ಸಿಗಡಿಯ ‘ಬಗೊಒಂಗ್’ ಬಿದ್ದಿರುತ್ತದೆ.

ಜೂನ್‌ನಿಂದ ಜೋರು ಮಳೆ. ಎರಡು ಜೊತೆ ಶೂ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ. ಒದ್ದೆ ಶೂವನ್ನೇ ಮರುದಿನ ಮೆಟ್ಟಿದರೆ ಬೆರಳ ಸಂದಿ ಕೊಳೆತು ನಡೆಯಲಾಗುವುದಿಲ್ಲ. ರಸ್ತೆಯಲ್ಲಿ ನಿಂತ ನೀರಿಗೆ ಕಾಲಿಡಲೇಬೇಡಿ. ಇಲಿ ಮೂತ್ರ ಬೆರೆತ ಆ ನೀರು ಗಾಯದೊಳಗೆ ಸೇರಿದರೆ ಇಲಿಜ್ವರ ಬರುತ್ತದೆ. ಡೆಂಗಿಯ ಸೊಳ್ಳೆ ಹಗಲಲ್ಲೇ ಕಚ್ಚುವುದರಿಂದ ಬೆಳಗ್ಗೆಯೇ ಮುಲಾಮು ಹಚ್ಚಿಕೊಳ್ಳಿ.

ಎಲ್ಲಕ್ಕಿಂತ ಕಷ್ಟ ಮಿಷನ್ ಜೊತೆಮಾಡಿಕೊಡುವ ಇನ್ನೊಬ್ಬ ಮಿಷನರಿಯೊಂದಿಗೆ ಹೊಂದಿಕೊಳ್ಳುವುದು. ಹಗಲೂ ರಾತ್ರಿ ಇಬ್ಬರೂ ಒಟ್ಟಿಗೇ ಇರಬೇಕು, ಆಯ್ಕೆ ನಿಮ್ಮದಲ್ಲ. ಜೊತೆಗಾರರನ್ನೋ ಊರನ್ನೋ ಬದಲಿಸುವ ‘ಟ್ರಾನ್ಸ್‌ಫರ್’ ನಿರ್ಧಾರ ಸಾಮಾನ್ಯವಾಗಿ ಆರು ವಾರಕ್ಕೊಮ್ಮೆ. ‘ಆರು ವಾರ ತಾನೇ’ ಎಂದು ಸಿಟ್ಟು ನುಂಗಿಕೊಂಡಿದ್ದರೆ ಅದು ಪಾಠ ಹೇಳುವಾಗ ಹೊರಬೀಳುತ್ತದೆ. ಒಬ್ಬರ ಮಾತನ್ನು ಇನ್ನೊಬ್ಬರು ತುಂಡರಿಸುತ್ತಾರೆ, ಎದುರು ಕೂತವರಿಗೆ ಅದು ತಿಳಿದುಹೋಗುತ್ತದೆ. ವಾರಕ್ಕೊಮ್ಮೆ ಮುಖಾಮುಖಿ ಕೂರಿ. ಮೆಚ್ಚಿಗೆಯಾದದ್ದನ್ನು ಮೊದಲು ಹೇಳಿ, ಆಮೇಲೆ ಒಂದೇ ಒಂದು ತಕರಾರು. ಪಾತ್ರೆ ತೊಳೆಯುವ ಸರದಿಯನ್ನು ಮೊದಲ ದಿನವೇ ಗೋಡೆಗೆ ಅಂಟಿಸಿ, ಜಗಳ ಹೆಚ್ಚಾಗಿ ಹುಟ್ಟುವುದು ಅಲ್ಲೇ.

ವಾರದ ಬಿಡುವಿನ ದಿನ ಮನೆಗೆ ಫೋನ್ ಮಾಡಬಹುದು. ಮನಿಲಾ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಹತ್ತಾದಾಗ ಇಲ್ಲಿ ಏಳೂವರೆ, ಅಮ್ಮ ತಿಂಡಿಗೆ ಒಲೆ ಹಚ್ಚಿರುವ ಹೊತ್ತು. ಯಾವ ಹೊತ್ತಿಗೆ ಮಾಡುತ್ತೀರಿ ಎಂದು ಹೊರಡುವ ಮೊದಲೇ ಹೇಳಿಟ್ಟಿರಿ.